ಹುಟ್ಟಿದ ತಾರೀಕು ಮಾತ್ರ ಸಾಲದು, ಮಗುವಿನ ಕಲಿಕೆಯ ಕಡತವೂ ಬಾಲನ್ಯಾಯ ಮಂಡಳಿಗೆ ಹೋಗಲಿ

ಮಾನ್ಯ ಸಂಪಾದಕರೇ,

ಬೋರ್‌ವೆಲ್ ಕೇಬಲ್ ಕದ್ದವರು ಸಿಕ್ಕಿಬಿದ್ದ ಸುದ್ದಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ನಾಲ್ಕೇ ಸಾಲು. ಇಬ್ಬರದೋ ಮೂವರದೋ ಹೆಸರು ಇರುತ್ತದೆ, ಕೊನೆಗೆ ‘ಒಬ್ಬ ಬಾಲಕ’ ಅಂತ ಇರುತ್ತದೆ. ಆ ಬಾಲಕ ಎಂಥವನು, ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹೋದ ವರ್ಷ ಅಂಥ ಸುದ್ದಿಯಲ್ಲಿ ಬಂದ ಬಾಲಕ ಹಿಂದೆ ನನ್ನ ಹತ್ತಿರವೇ ನಾಲ್ಕನೇ ಕ್ಲಾಸು ಓದಿದ ಹುಡುಗನಾಗಿದ್ದ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕೋಲಾರ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿ ಮೂರು ವರ್ಷದ ಹಿಂದೆ ನಿವೃತ್ತಳಾದವಳು. ಹುಡುಗನ ಹೆಸರು, ಊರು ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ನನ್ನ ಹೆಸರು ಹಾಕಿದರೂ ಊರವರಿಗೆ ಅವನು ಯಾರು ಅಂತ ಗೊತ್ತಾಗಿಬಿಡುತ್ತದೆ, ಹಾಗಾಗಿ ಅದನ್ನೂ ಹಾಕಬೇಡಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೇಬಲ್ ಕಳ್ಳತನ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸಿದರೂ ನೀರು ಸಿಗುವ ಗ್ಯಾರಂಟಿ ಇಲ್ಲ. ಸಾಲ ಮಾಡಿ ಬೋರು ಹಾಕಿಸಿ, ಟೊಮೆಟೊ ಹೂ ಬಿಡುವ ಹೊತ್ತಿಗೆ ಯಾರೋ ಬಂದು ರಾತ್ರೋರಾತ್ರಿ ಮೋಟಾರಿನ ಕೇಬಲ್ ಕತ್ತರಿಸಿಕೊಂಡು ಹೋದರೆ ಆ ರೈತನ ಹೊಟ್ಟೆ ಎಷ್ಟು ಉರಿಯುತ್ತದೆ ಅಂತ ನನಗೆ ಗೊತ್ತು, ನಮ್ಮಣ್ಣನ ತೋಟದಲ್ಲೇ ಎರಡು ಸಲ ಹೀಗಾಗಿದೆ. ಕದ್ದವರು ಸಿಗಬೇಕು. ಆದರೆ ಸಿಕ್ಕಿದವರಲ್ಲಿ ಯಾರು ಏನು ಮಾಡಿದರು ಅಂತ ಸರಿಯಾಗಿ ತಿಳಿಯಬೇಕು ಅಲ್ವಾ?

ಹುಡುಗನಿಗೆ 15 ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಟೊಮೆಟೊ ಕಾಲದಲ್ಲಿ ಕ್ರೇಟ್ ಹೊರಲು ಹೋಗುತ್ತಾನೆ. ಇಪ್ಪತ್ತರ ಮೇಲೆ ಎಣಿಸಲು ಆಗ ಬರುತ್ತಿರಲಿಲ್ಲ. ಕ್ರೇಟ್ ಹೊರು ಅಂದರೆ ಹೊರುತ್ತಾನೆ, ಮೂಟೆ ಹೊರು ಅಂದರೆ ಹೊರುತ್ತಾನೆ, ಒಳಗೆ ಏನಿದೆ ಅಂತ ಕೇಳುವುದಿಲ್ಲ. ಆ ರಾತ್ರಿ ಅವನ ಹೆಗಲ ಮೇಲೆ ಇದ್ದಿದ್ದು ತಾಮ್ರದ ತಂತಿಯ ಮೂಟೆ. ಜೊತೆಗಿದ್ದ ಇಬ್ಬರೂ ಮದುವೆಯಾದ ಗಂಡಸರು.

ಬೆಳಗ್ಗೆ ಆರೂವರೆಗೆ ಅವನ ತಾಯಿ ನಮ್ಮ ಮನೆ ಬಾಗಿಲಿಗೆ ಬಂದಳು. ನನ್ನನ್ನು ಬಿಟ್ಟರೆ ಓದು ಬರಹ ಗೊತ್ತಿರುವವರು ಅವಳಿಗೆ ಯಾರೂ ಪರಿಚಯ ಇರಲಿಲ್ಲ. ಠಾಣೆಗೆ ಹೋಗುವಷ್ಟರಲ್ಲಿ ಅವನ ಕೈಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಾಗಿತ್ತು. ‘ಓದಿ ನೋಡೇ ಸಹಿ ಹಾಕಿದಾನೆ ಮೇಡಂ, ನೋಡಿ ಎಷ್ಟು ಚೆನ್ನಾಗಿ ಬರೆದಿದಾನೆ’ ಅಂದರು. ನಿಜ, ಸಹಿ ಚೆನ್ನಾಗಿತ್ತು. ದುಂಡಗೆ, ಒತ್ತಕ್ಷರ ಸಮೇತ. ಆ ಅಕ್ಷರ ನೋಡಿದ ಕೂಡಲೇ ನನಗೆ ಎದೆ ಧಸಕ್ ಅಂತು. ಯಾಕೆಂದರೆ ಅದು ನಾನೇ ಕಲಿಸಿದ ಅಕ್ಷರ. ಅವನು ಬೋರ್ಡ್ ಮೇಲೆ ಇರುವುದನ್ನು ನೋಡಿ ಹಾಗೇ ಇಳಿಸುತ್ತಿದ್ದ, ಚಿತ್ರ ಬರೆದ ಹಾಗೆ. ನೋಟ್‌ಬುಕ್ ತುಂಬ ಮುತ್ತಿನಂಥ ಅಕ್ಷರ. ಬರೆದಿದ್ದನ್ನು ಓದು ಅಂದರೆ ಒಂದು ಪದ ಬರುತ್ತಿರಲಿಲ್ಲ. ಹೆಸರೊಂದನ್ನು ಮಾತ್ರ ನೋಡದೆ ಬರೆಯುತ್ತಿದ್ದ, ಅದಕ್ಕೇ ಎರಡು ವರ್ಷ ಹಿಡಿದಿತ್ತು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಬಾರದು ಅಂತ ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲೇ ಇದೆ. ಅದು ನನಗೆ ಆಮೇಲೆ ಗೊತ್ತಾಯಿತು.

ಮಾರನೇ ದಿನವೇ ಬಾಲನ್ಯಾಯ ಮಂಡಳಿಯ, ಅಂದರೆ 18 ತುಂಬದ ಮಕ್ಕಳ ಕೇಸು ನೋಡುವ ಮಂಡಳಿಯ, ಮುಂದೆ ಕರೆದುಕೊಂಡು ಹೋದರು. ಅಲ್ಲಿಂದ ವೀಕ್ಷಣಾಲಯಕ್ಕೆ, ಅಂದರೆ ಕೇಸು ನಡೆಯುವಾಗ ಇಂಥ ಮಕ್ಕಳನ್ನು ಇಡುವ ಮನೆಗೆ. ಅವನಿಗೆ ಉಚಿತ ವಕೀಲರನ್ನೂ ಕೊಟ್ಟರು. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆ ಪ್ರಕಾರ ಮಗುವಿಗೆ, ಅಂಗವಿಕಲರಿಗೆ, ವಶದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ನಮ್ಮ ಹುಡುಗ ಮೂರೂ ಹೌದು. ವಕೀಲರು ಚಿಕ್ಕ ವಯಸ್ಸಿನವರು, ಒಳ್ಳೆಯ ಮನಸ್ಸಿನವರು. ಆದರೆ ಮುಂದಿನ ತಾರೀಕಿನ ದಿನ ಬೆಳಗ್ಗೆ ಅವರ ಕೈಲಿ ಬೇರೆ ಕೇಸುಗಳ ಕಟ್ಟೇ ಇತ್ತು. ನಮ್ಮ ಹುಡುಗನ ಜೊತೆ ಮಾತಾಡಲು ಅವರಿಗೆ ಸಿಕ್ಕಿದ್ದು ಮೊಗಸಾಲೆಯಲ್ಲಿ ಐದು ನಿಮಿಷ. ನಾನು ತಾಯಿಯ ಪಕ್ಕದಲ್ಲಿ ನಿಂತಿದ್ದೆ.

‘ಕೇಬಲ್ ನೀನೇ ಕತ್ತರಿಸಿದ್ಯಾ?’

‘ಹೂಂ.’

‘ಅವರಿಬ್ಬರೂ ಇದ್ರಾ, ಇಲ್ಲಾ ನೀನೊಬ್ಬನೇನಾ?’

‘ಹೂಂ.’

ವಕೀಲರು ತಾಯಿಯ ಕಡೆ ತಿರುಗಿ ಹೇಳಿದರು: ‘ಒಪ್ಪಿಕೊಂಡರೆ ಬೇಗ ಮುಗಿಯುತ್ತದಮ್ಮ, ಬುದ್ಧಿ ಹೇಳಿ ಕಳಿಸಿಬಿಡುತ್ತಾರೆ.’ ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ನನಗೆ ತಡೆಯಲಿಲ್ಲ. ಸಾರ್, ಒಂದು ನಿಮಿಷ ಅಂತ ಹೇಳಿ ಹುಡುಗನನ್ನು ನಾನೇ ಕೇಳಿದೆ.

‘ಇವತ್ತು ಸೋಮವಾರ ಅಲ್ವಾ?’

‘ಹೂಂ.’

‘ಶುಕ್ರವಾರ ಅಲ್ವಾ?’

‘ಹೂಂ.’

ಅವತ್ತು ಬುಧವಾರ. ವಕೀಲರು ಪೆನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತರು.

ಇಂಥ ಮಕ್ಕಳಿಗೆ ಪಾಠ ಮಾಡಿದ ಯಾರಿಗಾದರೂ ಈ ‘ಹೂಂ’ ಗೊತ್ತು. ಅದಕ್ಕೆ ಹೌದು ಅನ್ನುವ ಅರ್ಥ ಇರುವುದಿಲ್ಲ. ‘ನನಗೆ ಅರ್ಥ ಆಗಲಿಲ್ಲ, ಆದರೆ ಬೈಯಬೇಡಿ’ ಅಂತ ಅರ್ಥ. ವರ್ಷಗಟ್ಟಲೆ ಕ್ಲಾಸಿನಲ್ಲಿ ಕೂತು ಕಲಿತುಕೊಂಡ ಹೂಂ ಅದು. ಅವನ ಮನೆಮಾತು ಬೇರೆ ತೆಲುಗು. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಮುಳಬಾಗಿಲು, ಶ್ರೀನಿವಾಸಪುರದ ಕಡೆ, ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿಕೊಂಡು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಬುದ್ಧಿ ಚುರುಕಿದ್ದವರು ಎರಡನ್ನೂ ನಿಭಾಯಿಸುತ್ತಾರೆ. ಇಂಥವನಿಗೆ ಎರಡೂ ಅರ್ಧಂಬರ್ಧ. ಕೇಸಿನ ಕಾಗದದಲ್ಲಿ ಮೂರನೇ ಭಾಷೆ ಇಂಗ್ಲಿಷ್ ಬೇರೆ.

ನಾನು ಒಂದು ಹಾಳೆ ತಗೊಂಡು ರಸ್ತೆ, ಹೊಂಗೆ ಮರ, ತೋಟ, ಬೋರಿನ ಪೈಪು ಬರೆದೆ. ತೆಲುಗಿನಲ್ಲಿ ಕೇಳಿದೆ. ನೀನೆಲ್ಲಿ ನಿಂತಿದ್ದೆ? ಬೆರಳು ಹೊಂಗೆ ಮರದ ಕೆಳಗೆ ಇಟ್ಟ. ಒಳಗೆ ಯಾರು ಹೋದರು? ಎರಡು ಬೆರಳು ಎತ್ತಿದ. ನೀನು ಹೋದೆಯಾ ಅಂತ ನಾನು ಕೇಳಲೇ ಇಲ್ಲ, ಕೇಳಿದ್ದರೆ ಮತ್ತೆ ಹೂಂ ಅನ್ನುತ್ತಿದ್ದ. ‘ಆಮೇಲೆ ನೀನು ಎಲ್ಲಿಗೆ ನಡೆದೆ, ಬೆರಳಲ್ಲಿ ತೋರಿಸು’ ಅಂದೆ. ಮರದಿಂದ ರಸ್ತೆಗುಂಟ ಎಳೆದ. ತೋಟದ ಒಳಕ್ಕೆ ಹೋಗಲಿಲ್ಲ. ಇಷ್ಟಕ್ಕೆ 40 ನಿಮಿಷ ಹಿಡಿಯಿತು. ವಕೀಲರು ತಮ್ಮ ಇನ್ನೊಂದು ಕೇಸು ಸಹೋದ್ಯೋಗಿಗೆ ಕೊಟ್ಟು ಕೂತು ನೋಡಿದರು. ಅವರಿಗೆ ನಾನು ಕೃತಜ್ಞಳು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹುಡುಗ ಸಿಕ್ಕಿಬಿದ್ದ ದಿನವೇ ಪೊಲೀಸರು ಶಾಲೆಗೆ ಹೋಗಿದ್ದರು. ಯಾಕೆ ಗೊತ್ತಾ? ಹುಟ್ಟಿದ ತಾರೀಕಿಗೆ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ವಯಸ್ಸು ತೀರ್ಮಾನಿಸಲು ಮೊದಲು ನೋಡುವ ದಾಖಲೆಗಳಲ್ಲಿ ಶಾಲೆಯ ಜನ್ಮ ದಿನಾಂಕದ ಪತ್ರವೂ ಒಂದು. ಹೆಡ್‌ಮಾಸ್ಟರು ದಾಖಲಾತಿ ಪುಸ್ತಕ ತೆಗೆದು, ಒಂದು ಸಾಲು ಬರೆದು, ಸೀಲು ಹಾಕಿ ಕೊಟ್ಟರು. ಅದೇ ಬೀರುವಿನಲ್ಲಿ, ಅದೇ ಪುಸ್ತಕದ ಪಕ್ಕದಲ್ಲಿ, ಅವನ ಪ್ರಗತಿ ಪತ್ರಗಳಿದ್ದವು. ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯೂ ಇತ್ತು. ನಾಲ್ಕನೇ ಕ್ಲಾಸಿನಲ್ಲೇ ನಾನು ಅವನ ಹೆಸರು ಆ ಪಟ್ಟಿಗೆ ಸೇರಿಸಿದ್ದೆ. ಬಿಆರ್‌ಸಿ ಅನ್ನುವ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬಂದಿದ್ದ ಬಿಐಇಆರ್‌ಟಿ, ಅಂದರೆ ವಿಶೇಷ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕರು, ಅರ್ಧ ದಿನ ಅವನ ಜೊತೆ ಕೂತು ಎರಡು ಪುಟ ಟಿಪ್ಪಣಿ ಬರೆದಿದ್ದರು. ‘ಹೇಳಿದ್ದಕ್ಕೆಲ್ಲ ಒಪ್ಪುತ್ತಾನೆ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಬೇಕು, ಚಿತ್ರ ತೋರಿಸಿದರೆ ಚೆನ್ನಾಗಿ ಉತ್ತರಿಸುತ್ತಾನೆ’ ಅಂತ ಅದರಲ್ಲೇ ಇತ್ತು! ವಕೀಲರಿಗೆ ಬೇಕಾಗಿದ್ದ ಮಾತು ಆರು ವರ್ಷದ ಹಿಂದೆಯೇ ಬರೆದಿಟ್ಟಿತ್ತು. ಪೊಲೀಸರು ಹುಟ್ಟಿದ ತಾರೀಕು ತಗೊಂಡು ಹೋದರು. ಆ ಎರಡು ಪುಟವನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ತಪ್ಪು ನಮ್ಮ ಕಡೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಟಿಪ್ಪಣಿಯಲ್ಲಿ ವೈದ್ಯಕೀಯ ಶಿಬಿರಕ್ಕೆ ಕಳಿಸಿ ಅಂತ ಇತ್ತು. ಶಿಬಿರದ ದಿನ ತಾಯಿಗೆ ಕೂಲಿ ಬಿಟ್ಟು ಹೋಗಲು ಆಗಲಿಲ್ಲ. ಮುಂದಿನ ವರ್ಷ ನೋಡೋಣ ಅಂದುಕೊಂಡೆ. ಮುಂದಿನ ವರ್ಷ ನನಗೆ ವರ್ಗ ಆಯಿತು. ಅವನನ್ನು ಐದಕ್ಕೆ, ಆರಕ್ಕೆ, ಏಳಕ್ಕೆ ತಳ್ಳಿದರು. ಪರೀಕ್ಷೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ, ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡೂ ಇಲ್ಲ. ಊರಲ್ಲಿ ‘ಅವನು ಸ್ವಲ್ಪ ದಡ್ಡ’ ಅನ್ನುವ ಒಂದು ಮಾತು ಮಾತ್ರ ಉಳಿಯಿತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಸೇರಿಸಿದ್ದಾರೆ, ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಅದರಲ್ಲಿವೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಅಂತ 16ನೇ ಸೆಕ್ಷನ್ ಶಾಲೆಗಳಿಗೇ ಹೇಳಿದೆ. ಅಂದರೆ ನನಗೆ ಹೇಳಿದೆ.

ಕಾನೂನು ಇಲ್ಲ ಅಂತಲ್ಲ. ಅದೇ ಕಾಯ್ದೆಯ 12ನೇ ಸೆಕ್ಷನ್ ಅಂಗವಿಕಲರು ನ್ಯಾಯಾಲಯದಲ್ಲಿ, ನ್ಯಾಯ ಮಂಡಳಿಗಳಲ್ಲಿ ತಮ್ಮ ಹಕ್ಕು ಚಲಾಯಿಸಲು ಅನುಕೂಲ ಮಾಡಿಕೊಡಿ, ಅವರಿಗೆ ಬೇಕಾದ ಭಾಷೆಯಲ್ಲಿ, ಅವರಿಗೆ ಬೇಕಾದ ರೀತಿಯಲ್ಲಿ ಹೇಳಿಕೆ ತಗೊಳ್ಳಿ ಅನ್ನುತ್ತದೆ. ನಾನು ಬರೆದ ಆ ಹೊಂಗೆ ಮರದ ಚಿತ್ರ ಅಂಥದ್ದೇ ಒಂದು ರೀತಿ. ಬಾಲನ್ಯಾಯ ಕಾಯ್ದೆಯಲ್ಲಿ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಆ ವರದಿಯ ನಮೂನೆಯಲ್ಲಿ ಮಗುವಿಗೆ ವೈಕಲ್ಯ ಇದೆಯಾ ಅಂತ ಒಂದು ಕಾಲಂ ಇದೆ. ಕಿವುಡು, ಮೂಗ, ಕೈಕಾಲಿನ ತೊಂದರೆ ಆದರೆ ನೋಡಿದರೆ ಗೊತ್ತಾಗುತ್ತದೆ. ನಮ್ಮ ಹುಡುಗನನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಟ್ಟಿಮುಟ್ಟಾಗಿದ್ದಾನೆ, ನಗುತ್ತಾನೆ, ಸಹಿ ಹಾಕುತ್ತಾನೆ. ಆ ಕಾಲಂನಲ್ಲಿ ‘ಇಲ್ಲ’ ಅಂತ ಬರೆದಿದ್ದರು.

ಘೋರ ಅಪರಾಧದ ಕೇಸಾಗಿದ್ದು ಹುಡುಗನಿಗೆ 16 ದಾಟಿದ್ದರೆ ಮಾತ್ರ ಬೇರೆ ದಾರಿ. ಅವನ ಮಾನಸಿಕ ಸಾಮರ್ಥ್ಯ ಎಷ್ಟು, ಮಾಡಿದ್ದರ ಪರಿಣಾಮ ಅವನಿಗೆ ಗೊತ್ತಿತ್ತಾ ಅಂತ ಮಂಡಳಿ ನೋಡಲೇಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಅಂತ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ ಆಯಿತು. ಆದರೆ ಕೇಬಲ್, ಮೊಬೈಲ್, ಬೈಕು ಅಂತ ಸಿಕ್ಕಿಬೀಳುವ ಮಕ್ಕಳನ್ನು ಹಾಗೆ ಯಾರು ನೋಡುತ್ತಾರೆ? ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧ ಅಲ್ಲ, ಏಳರಿಂದ ಹನ್ನೆರಡರವರೆಗೆ ಅದಕ್ಕೆ ತಿಳಿವಳಿಕೆ ಬಂದಿತ್ತಾ ಅಂತ ನೋಡಬೇಕು ಅಂತ ಹಳೇ ದಂಡಸಂಹಿತೆಯಲ್ಲೂ ಇತ್ತು, 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ನಮ್ಮ ಹುಡುಗನಿಗೆ ಪುಸ್ತಕದಲ್ಲಿ 15. ತಿಳಿವಳಿಕೆಯಲ್ಲಿ ನನ್ನ ಎರಡನೇ ಕ್ಲಾಸಿನ ಮಕ್ಕಳೇ ವಾಸಿ.

ಬೆಂಗಳೂರಿನಲ್ಲಿ ಲಾ ಓದುತ್ತಿರುವ ನಮ್ಮಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಅಮೆರಿಕದ ವಿಷಯ ಹೇಳಿದಳು. ಅಲ್ಲೂ ಮೊದಲು ಮಕ್ಕಳಿಗೆ ವಕೀಲರು ಇರಲಿಲ್ಲವಂತೆ. ಅರಿಜೋನಾ ರಾಜ್ಯದಲ್ಲಿ 15 ವರ್ಷದ ಒಬ್ಬ ಹುಡುಗ ಫೋನಿನಲ್ಲಿ ಅಸಭ್ಯವಾಗಿ ಮಾತಾಡಿದ ಅಂತ, ವಕೀಲರಿಲ್ಲದೆಯೇ ವಿಚಾರಣೆ ಮಾಡಿ, 21 ವರ್ಷ ತುಂಬುವವರೆಗೂ ಇಟ್ಟುಕೊಳ್ಳಬಹುದು ಅಂತ ಸುಧಾರಣಾ ಶಾಲೆಗೆ ಹಾಕಿದ್ದರು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸರಿಯಲ್ಲ, ಮಗುವಿಗೂ ವಕೀಲರು ಬೇಕು ಅಂತು. 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಬೇರೆ ಕಾನೂನು ಬಂತು, ಪ್ರತಿ ಮಗುವಿಗೂ ಅದರದ್ದೇ ಆದ ಕಲಿಕಾ ಯೋಜನೆ ಬರೆದಿಡಬೇಕು ಅಂತ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು: ಅಲ್ಲಿ ಶಾಲೆಯವರು ಇಂಥ ಮಗುವಿನ ಮೇಲೆ ಪೊಲೀಸರಿಗೆ ದೂರು ಕೊಟ್ಟರೆ, ಆ ಮಗುವಿನ ವಿಶೇಷ ಶಿಕ್ಷಣದ ದಾಖಲೆಗಳೂ ಅಧಿಕಾರಿಗಳ ಕೈಗೆ ಹೋಗುವ ಹಾಗೆ ನೋಡಿಕೊಳ್ಳಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಬಾಲನ್ಯಾಯ, ವಿಶೇಷ ಶಿಕ್ಷಣ ಈ ಎರಡೂ ಕಾನೂನು ಬಲ್ಲ ವಕೀಲರು ಅಲ್ಲಿ ಇದ್ದಾರಂತೆ, ಮಗುವಿನ ಕೇಸನ್ನೂ ಶಾಲೆಯ ಹಕ್ಕನ್ನೂ ಒಟ್ಟಿಗೇ ಹಿಡಿದು ವಾದಿಸುವವರು. ಅವರ ಊರಿನ ವ್ಯವಸ್ಥೆಯನ್ನು ಹಾಗೇ ಇಲ್ಲಿ ತಂದಿಡಿ ಅಂತ ನಾನು ಹೇಳುವುದಿಲ್ಲ. ಆ ಒಂದು ಕಡತದ ಮಾತು ಮಾತ್ರ ನಮಗೆ ಇವತ್ತೇ ಆಗುತ್ತದೆ, ದುಡ್ಡೂ ಬೇಡ.

ನಾನು ಕೇಳುವುದು ಇಷ್ಟು. ಪೊಲೀಸರು ಹುಟ್ಟಿದ ತಾರೀಕಿಗೆ ಶಾಲೆಗೆ ಬಂದಾಗಲೇ ಹೆಡ್‌ಮಾಸ್ಟರು ಮಗುವಿನ ಕಲಿಕೆ ಬಗ್ಗೆ ಒಂದು ಪುಟ, ಬಿಐಇಆರ್‌ಟಿ ಟಿಪ್ಪಣಿ ಇದ್ದರೆ ಅದನ್ನೂ, ಲಕೋಟೆಯಲ್ಲಿ ಹಾಕಿ ಮಂಡಳಿಗೆ ಅಂತ ಬರೆದು ಕೊಡಲಿ. ಇದಕ್ಕೆ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಸಾಕು. ಪರಿವೀಕ್ಷಣಾಧಿಕಾರಿಗಳು ಆ ವೈಕಲ್ಯದ ಕಾಲಂ ತುಂಬುವ ಮೊದಲು ಮಗುವಿಗೆ ಪಾಠ ಮಾಡಿದ ಒಬ್ಬ ಟೀಚರಿಗಾದರೂ ಫೋನ್ ಮಾಡಲಿ. ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುವಾಗ, ಮಗು ಶಾಲೆ ಬಿಟ್ಟಿದೆ ಅಥವಾ ಓದು ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ಆ ತಾಲ್ಲೂಕಿನ ವಿಶೇಷ ಶಿಕ್ಷಕರೊಬ್ಬರನ್ನು ವಕೀಲರ ಪಕ್ಕದಲ್ಲಿ ಕೂರಿಸಲಿ. ಮೊದಲ ಭೇಟಿಯಲ್ಲೇ ಕೂರಿಸಬೇಕು, ಕೇಸು ಅರ್ಧ ಆದ ಮೇಲೆ ಅಲ್ಲ. ಅವರಿಗೆ ಬಸ್ ಚಾರ್ಜು, ಒಂದಿಷ್ಟು ಗೌರವಧನ ಕೊಡಬೇಕು, ಅಷ್ಟು ದಿನ ಶಾಲೆ ಕೆಲಸದಿಂದ ಬಿಡುವು ಕೊಡಬೇಕು, ಸುಮ್ನೆ ಸೇವೆ ಮಾಡಿ ಅಂದರೆ ಎರಡನೇ ಸಲ ಯಾರೂ ಬರುವುದಿಲ್ಲ. ಈಗಲೇ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ ಇದ್ದಾರೆ, ಅವರ ತಲೆ ಮೇಲೆ ಮನೆಗೆ ಹೋಗಿ ಕಲಿಸುವ ಮಕ್ಕಳ ಹೊರೆ ಬೇರೆ ಇದೆ. ನಿವೃತ್ತರಾದ ನಮ್ಮಂಥವರನ್ನೂ ಸೇರಿಸಿಕೊಳ್ಳಬಹುದು. ನಾನು ಈಗಲೇ ತಯಾರಿದ್ದೇನೆ.

ಇನ್ನು ವೀಕ್ಷಣಾಲಯದ ವಿಷಯ. ಅವನು ಅಲ್ಲಿ 19 ದಿನ ಇದ್ದ. ಊಟ, ಬಟ್ಟೆ ಚೆನ್ನಾಗಿತ್ತು, ಯಾರೂ ಹೊಡೆಯಲಿಲ್ಲ ಅಂತ ಅವನೇ ಹೇಳಿದ. ಆದರೆ ಅವನಿಗೆ ತಕ್ಕ ಹಾಗೆ ಕಲಿಸುವವರು ಅಲ್ಲಿ ಇರಲಿಲ್ಲ, ಟಿವಿ ಮುಂದೆ ಕೂತಿರುತ್ತಿದ್ದನಂತೆ. ಬಾಲನ್ಯಾಯ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ ಈ ಸಂಸ್ಥೆಗಳು ಕೊಡಬೇಕಾದ ಸೌಲಭ್ಯಗಳ ಜೊತೆಗೆ ವಿಶೇಷ ಶಿಕ್ಷಣ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ವಕೀಲರಿಗೆ ಆ ಸೆಕ್ಷನ್ ಗೊತ್ತಿದ್ದು ಕೇಳಿದರೆ ತಾನೇ ಸಿಗುವುದು?

ಅವನ ಕೇಸು ಏನಾಯಿತು ಅಂತ ಓದುವವರಿಗೆ ಅನಿಸಬಹುದು. ಬಿಆರ್‌ಸಿಯಿಂದ ಆ ಎರಡು ಪುಟದ ಪ್ರತಿ ತರಿಸಿ ವಕೀಲರು ಮಂಡಳಿಗೆ ಕೊಟ್ಟರು. ಮಂಡಳಿಯ ಸಮಾಜ ಸೇವಕ ಸದಸ್ಯೆಯೊಬ್ಬರು ಅದನ್ನು ಪೂರ್ತಿ ಓದಿದರು, ಆಮೇಲೆ ಹುಡುಗನಿಗೆ ಒಂದೊಂದೇ ಪ್ರಶ್ನೆ, ನಿಧಾನವಾಗಿ ಕೇಳಿದರು. ಅವನನ್ನು ತಾಯಿಯ ಜೊತೆ ಮನೆಗೆ ಕಳಿಸಿದರು, ಪರಿವೀಕ್ಷಣಾಧಿಕಾರಿ ನಿಗಾದಲ್ಲಿ. ಮನೋವೈದ್ಯರ ಪರೀಕ್ಷೆ ಆಯಿತು, ಯುಡಿಐಡಿಗೆ ಅರ್ಜಿ ಹಾಕಿದ್ದೇವೆ. ವಿಚಾರಣೆ ಇನ್ನೂ ಮುಗಿದಿಲ್ಲ. ವಾರಕ್ಕೆ ಎರಡು ದಿನ ನಮ್ಮ ಮನೆಗೆ ಬರುತ್ತಾನೆ. ಇಪ್ಪತ್ತರಿಂದ ಮೂವತ್ತರವರೆಗೆ ಎಣಿಸಲು ಬಂತು. ಅದಕ್ಕಿಂತ ಮುಖ್ಯವಾಗಿ ‘ಗೊತ್ತಿಲ್ಲ’ ಅಂತ ಹೇಳುವುದನ್ನು ಕಲಿಸುತ್ತಿದ್ದೇನೆ. ಹೂಂ ಬಾಯಿಗೆ ಬರುವ ಮೊದಲು ಎರಡು ಸಲ ಉಸಿರು ಎಳೆದುಕೋ, ಅರ್ಥ ಆಗದಿದ್ದರೆ ‘ಗೊತ್ತಾಗಲಿಲ್ಲ, ಇನ್ನೊಂದ್ ಸಲ ಹೇಳಿ’ ಅನ್ನು ಅಂತ. ಹೋದ ವಾರ ಮೊದಲ ಸಲ ಹೇಳಿದ, ಅದೂ ನನಗೇ.

ಮುಂದಿನ ತಾರೀಕಿಗೆ ನಾನೂ ಅವರ ಜೊತೆ ಕೋಲಾರಕ್ಕೆ ಹೋಗುತ್ತೇನೆ. ಅವನ ನಾಲ್ಕನೇ ಕ್ಲಾಸಿನ ಕನ್ನಡ ನೋಟ್‌ಬುಕ್ ತಾಯಿ ಟ್ರಂಕಿನಲ್ಲಿ ಎತ್ತಿಟ್ಟಿದ್ದಾಳೆ. ಅದನ್ನೂ ತಗೊಂಡು ಬಾ ಅಂತ ಹೇಳಿದ್ದೇನೆ.

ಇಂತಿ,
ನಿವೃತ್ತ ಶಿಕ್ಷಕಿ,
ಕೋಲಾರ ಜಿಲ್ಲೆ